ಸಿಡಿಲಂಗಡಿಯಮ್ಮ

ಆ ಬೀದಿಗೆ ಹೊಸದಾಗಿ ಬಂದವರು ಅಂಗಡಿಯ ಹೆಸರು ಕೇಳಿ ಒಂದು ಸಲ ನಕ್ಕೇ ನಗುತ್ತಿದ್ದರು. ಬೋರ್ಡಿನ ಮೇಲೆ ಬರೆಸಿದ್ದು ಬೇರೇನೋ ಇತ್ತು. ಬಣ್ಣ ಉದುರಿ ಹೋದ ಮೇಲೆ ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ. ಜನರ ಬಾಯಲ್ಲಿ ಅದು ಸಿಡಿಲಂಗಡಿ. ಎದುರಿನ ಟೈಲರು ಬೆಳಿಗ್ಗೆ ಬಾಗಿಲು ತೆರೆಯುತ್ತಲೇ, "ಸಿಡಿಲು ಕೆಜಿಗೆ ಎಷ್ಟಮ್ಮಾ ಇವತ್ತು?" ಎಂದು ಕೂಗುವುದು, ಒಳಗಿನಿಂದ "ನಿಮಗೆ ಪುಕ್ಕಟೆ, ಎಲ್ಲಿಗೆ ಬೀಳಿಸ್ಲಿ ಹೇಳಿ" ಎಂದು ಹೆಂಗಸಿನ ದನಿ ಬರುವುದು, ಇದು ಆ ಬೀದಿಯ ಸುಪ್ರಭಾತ. ಆ ದನಿಯ ಒಡತಿಯೇ ಸಿಡಿಲಂಗಡಿಯಮ್ಮ.

ಅಲ್ಲಿ ಮಾರುತ್ತಿದ್ದದ್ದು ಸಿಡಿಲಿಗೆ ದಾರಿ. ಕಟ್ಟಡದ ನೆತ್ತಿಯ ಮೇಲೆ ಒಂದು ತಾಮ್ರದ ಕಂಬಿ, ಅಲ್ಲಿಂದ ಗೋಡೆಗುಂಟ ಇಳಿದು ಬರುವ ತಾಮ್ರದ ಪಟ್ಟಿ, ಕೊನೆಗೆ ಇದ್ದಿಲು ಉಪ್ಪು ತುಂಬಿದ ಗುಂಡಿಯಲ್ಲಿ ಹೂತ ತಗಡು. ಬಿದ್ದ ಸಿಡಿಲು ಗೋಡೆಯನ್ನಾಗಲಿ ಮನುಷ್ಯರನ್ನಾಗಲಿ ಮುಟ್ಟದೆ ಈ ದಾರಿ ಹಿಡಿದು ನೆಲ ಸೇರಬೇಕು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಕಂಬಿ ಎಲ್ಲಿ ನಿಲ್ಲಬೇಕು, ಪಟ್ಟಿ ಯಾವ ಮೂಲೆಯಿಂದ ಇಳಿಯಬೇಕು ಎಂದು ಗೊತ್ತುಮಾಡುವುದು ಒಂದು ವಿದ್ಯೆ. ತುಂಡು ತುಂಡು ತಾಮ್ರವನ್ನು ಸಂದಿಲ್ಲದಂತೆ ಜೋಡಿಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಗಂಡನಿಗೆ ಒಲಿದಿತ್ತು, ಎರಡನೆಯದು ಹೆಂಡತಿಗೆ. ಮಾಡಿದ ಕೆಲಸ ಸರಿಯಿದ್ದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಯಾರೂ ನೆನೆಸಿಕೊಳ್ಳುವುದಿಲ್ಲ. ಇಂಥ ಕಸುಬಿನಲ್ಲಿ ಇಬ್ಬರೂ ಕೂದಲು ಬೆಳ್ಳಗಾಗುವವರೆಗೆ ನೆಮ್ಮದಿಯಾಗಿದ್ದರು ಎಂದರೆ ಅವರ ಸ್ವಭಾವ ಎಂಥದ್ದೆಂದು ತಿಳಿದುಕೊಳ್ಳಬಹುದು.

ಬೆಸುಗೆ ಅವಳಿಗೆ ತವರಿನಿಂದ ಬಂದದ್ದು. ಅಪ್ಪನದು ಪಾತ್ರೆ ರಿಪೇರಿ ಅಂಗಡಿ. ತೂತು ಬಿದ್ದ ಹಂಡೆ, ಕಿವಿ ಕಿತ್ತ ಕೊಪ್ಪರಿಗೆಗಳ ನಡುವೆಯೇ ಬೆಳೆದವಳು. ಒಂದು ದಿನ ಸಪೂರ ಮನುಷ್ಯನೊಬ್ಬ ಎರಡು ತಾಮ್ರದ ತುಂಡು ಹಿಡಿದು ಬಂದು ಕೂಡಿಸಿಕೊಡಿ ಎಂದ. ಅಪ್ಪ ಊಟಕ್ಕೆ ಹೋಗಿದ್ದ. ಇವಳೇ ಬೆಸೆದು ಕೊಟ್ಟಳು. ಆತ ಅದನ್ನು ಕಣ್ಣಿಂದ ನೋಡಲಿಲ್ಲ. ಒಂದು ತುದಿಯನ್ನು ಅಂಗೈಯಲ್ಲಿ ಹಿಡಿದು ಇನ್ನೊಂದು ತುದಿಗೆ ಸ್ಪ್ಯಾನರಿನಿಂದ ಬಡಿದ. ಅಂಗೈಗೆ ಬಂದ ನಡುಕವನ್ನು ಗಮನಿಸಿ, "ಒಳಗೆ ಎಲ್ಲೋ ಹಿಡಿದಿಲ್ಲ. ಇನ್ನೊಂದ್ಸಲ ಮಾಡಿ" ಎಂದ. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಬಿಚ್ಚಿ ನೋಡಿದರೆ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟುಹೋಗಿತ್ತು. ಎರಡನೆಯ ಸಲ ಬೆಸೆದುಕೊಟ್ಟಾಗ ಆತ ಬಡಿದು ನೋಡಿ ತಲೆಯಾಡಿಸಿದ. ಆಮೇಲೆ ಬೇಕಿತ್ತೋ ಬೇಡವೋ ವಾರಕ್ಕೊಮ್ಮೆ ತುಂಡು ತಾಮ್ರ ಹಿಡಿದುಕೊಂಡು ಬರತೊಡಗಿದ. ಅಪ್ಪನೇ ಕೊನೆಗೆ, "ತಾಮ್ರ ಸಾಕು, ಮನೆಯ ಹಿರಿಯರನ್ನ ಕರ್ಕೊಂಡ್ ಬಾರಯ್ಯಾ" ಎಂದು ಕಳಿಸಿದ.

ಮದುವೆಯಾದ ಮೇಲೆ ಆ ಬಡಿತವೇ ಅವರ ಪದ್ಧತಿಯಾಯಿತು. ಅವನು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಟ್ಟಡದ ಚಿತ್ರ ಬರೆಯುತ್ತಿದ್ದ. ಕಂಬಿಯ ತುದಿಯಿಂದ ಓರೆಯಾಗಿ ದಾರ ಎಳೆದು, ದಾರದ ಕೆಳಗೆ ಬಂದದ್ದಷ್ಟೇ ಕ್ಷೇಮ ಎನ್ನುತ್ತಿದ್ದ. ಪಟ್ಟಿ ಎಲ್ಲಿಯೂ ಗಕ್ಕನೆ ತಿರುಗಬಾರದು. "ಸಿಡಿಲು ಅವಸರದ ಮನುಷ್ಯ ಕಣೇ. ಮೊಳಕೈ ಮಡಿಸಿದ ಹಾಗೆ ತಿರುವು ಕೊಟ್ರೆ ದಾರಿ ಬಿಟ್ಟು ಗೋಡೆಗೆ ಹಾರ್ತಾನೆ." ಅವಳು ಮೇಜಿನ ಮೇಲೆ ಬೆಸೆದುಕೊಡುವಳು, ಅವನು ಒಯ್ದು ಮೇಲೆ ಹತ್ತಿ ಕೂರಿಸುವನು. ಎಲ್ಲ ಮುಗಿದು, ತಾಮ್ರ ಎಲ್ಲೂ ಕಡಿದಿಲ್ಲವೆಂದು ತೋರಿಸುವ ಮೀಟರು ಸರಿ ಎಂದು ಹೇಳಿದ ಮೇಲೂ ಒಂದು ಕೆಲಸ ಉಳಿಯುತ್ತಿತ್ತು. ಅವನು ಮೇಲೆ ಕಂಬಿಯ ಬುಡದಲ್ಲಿ ತಾಮ್ರದ ಮೇಲೆ ಅಂಗೈ ಇಟ್ಟು ಕೂರುವುದು, ಅವಳು ಕೆಳಗೆ ಗುಂಡಿಯ ಹತ್ತಿರ ಪಟ್ಟಿಗೆ ಬಡಿಯುವುದು. ಬಡಿತ ಸ್ವಚ್ಛವಾಗಿ ಏರಿ ಬಂದರೆ ಅವನು ಒಂದು ಬಡಿತದ ಉತ್ತರ ಕೊಡಬೇಕು. ಎಲ್ಲಾದರೂ ಸಡಿಲವಿದ್ದರೆ ಅದರ ಹಿಂದೆಯೇ ಸಣ್ಣಗೆ ಜರ್ರೆಂದು ನಡುಕ ಬರುತ್ತದೆ. ಆಗ ಎರಡು ಬಡಿತ, ಮತ್ತೆ ನೋಡು ಎಂದರ್ಥ. ಮೀಟರಿಗೆ ತಾಗಿದ್ದರೆ ಸಾಕು, ಬಿಗಿಯಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ ಎಂದು ಅವನ ವಾದ. ಅವಳ ಬೆಸುಗೆಗೆ ಎರಡು ಬಡಿತ ಬಿದ್ದು ಯಾವ ಕಾಲವಾಗಿತ್ತೋ. ಅದನ್ನು ಅವಳು ಎದುರಿನ ಟೈಲರಿಗೂ ಹೇಳಿಕೊಂಡು ಬೀಗುತ್ತಿದ್ದಳು.

ಅಂಥ ಮನುಷ್ಯ ಒಂದು ಮಧ್ಯಾಹ್ನ, ನೆಲದ ಮೇಲೆ ಚಿತ್ರ ಬರೆಯುತ್ತಿದ್ದವನು, ಸೀಮೆಸುಣ್ಣ ಬೆರಳಲ್ಲಿರುವಂತೆಯೇ ಪಕ್ಕಕ್ಕೆ ವಾಲಿದ. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಎಡಗೈ ಆಡುತ್ತಿತ್ತು, ಕಣ್ಣು ತೆರೆದಿರುತ್ತಿತ್ತು, ಆದರೆ ಆ ಕಣ್ಣು ಗೋಡೆಯನ್ನು ನೋಡುವಂತೆಯೇ ಹೆಂಡತಿಯನ್ನೂ ನೋಡುತ್ತಿತ್ತು. "ರೀ, ನಾನ್ ಹೇಳೋದು ಕೇಳಿಸ್ತಿದ್ರೆ ಬೆರಳಾಡಿಸಿ" ಎಂದು ಎಷ್ಟು ಗೋಗರೆದರೂ ಬೆರಳು ಆಡಲಿಲ್ಲ. ತಿನ್ನಿಸಿದರೆ ತಿನ್ನುವುದು, ಮಲಗಿಸಿದರೆ ಮಲಗುವುದು. ಡಾಕ್ಟರು, "ಅರ್ಥ ಆಗ್ತಿರಬಹುದು, ಆಗದೇನೂ ಇರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ, ಅದನ್ನು ಕೊಡುವವರು ಯಾರೂ ಇರಲಿಲ್ಲ.

ಮೈದುನ ಕೆಟ್ಟವನಲ್ಲ. ಸಾಮಾನು ಸಾಗಿಸುವ ಸಣ್ಣ ವ್ಯಾನು ಓಡಿಸುತ್ತಿದ್ದ. ಅಣ್ಣನನ್ನು ಎತ್ತಲು ಇಳಿಸಲು ದಿನಾ ಬರುತ್ತಿದ್ದ. ಅತ್ತಿಗೆಯ ಬೆನ್ನು ಬಗ್ಗುತ್ತಿರುವುದು ಕಂಡು ಅವನೇ ಮಾತೆತ್ತಿದ. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಊರಾಚೆ ಇಂಥವರನ್ನ ನೋಡ್ಕೊಳ್ಳೋ ಮನೆ ಇದೆ. ಹೋಗಿ ನೋಡ್ಕೊಂಡ್ ಬಂದೆ, ಚೊಕ್ಕವಾಗಿದೆ. ನೀವ್ ಹೂಂ ಅಂದ್ರೆ ಜಾಗ ಹಿಡಿದಿಡ್ತಾರಂತೆ. ಅಣ್ಣ ಇಲ್ಲಿದ್ರೂ ಒಂದೇ ಅಲ್ಲಿದ್ರೂ ಒಂದೇ. ಅವನೊಳಗೆ ಅವನಿಲ್ಲ."

ಕೊನೆಯ ಮಾತು ಅವಳ ಎದೆಗೆ ನಾಟಿತು. ಅವಳಿಗೂ ಅದೇ ಭಯವಿತ್ತು. "ಆ ಸ್ಕೂಲಿನ ಕೆಲಸ ಅರ್ಧಕ್ಕೆ ನಿಂತಿದೆ. ಅದು ಮುಗೀಲಿ, ಆಮೇಲೆ ಹೇಳ್ತೀನಿ" ಎಂದಳು.

ಸ್ಕೂಲು ಇದ್ದದ್ದು ದಿಬ್ಬದ ಮೇಲೆ, ಸುತ್ತ ಒಂದು ಮರವಿಲ್ಲ. ಅವನು ಬಿದ್ದಾಗ ಬರೆಯುತ್ತಿದ್ದದ್ದು ಅದರದೇ ಚಿತ್ರ. ಅಂದಿನಿಂದ ಅಂಗಡಿಯ ಆ ಭಾಗವನ್ನು ಅವಳು ಗುಡಿಸಿರಲಿಲ್ಲ. ಹೋಗುವಾಗ ಬರುವಾಗ ಸೀರೆ ಎತ್ತಿ ಹಿಡಿದು ಗೆರೆಗಳನ್ನು ಸುತ್ತಿ ನಡೆಯುತ್ತಿದ್ದಳು. ಈಗ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅಳತೆ ತೆಗೆದುಕೊಂಡಳು, ಪಟ್ಟಿಗಳನ್ನು ಬೆಸೆದಳು. ಕೂರಿಸುವವರು ಯಾರು? ಏಣಿ ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಇಷ್ಟು ವರ್ಷ ನೆಲ ಬಿಟ್ಟು ಮೇಲೇರದೆ ಸಿಡಿಲಿನ ಕಸುಬು ಮಾಡಿದ್ದಳು. ಆದರೂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ನೋಡದೆ ಹತ್ತಿದಳು. ಹೆಡ್‌ಮಿಸ್ಸು ಕಿಟಕಿಯಿಂದ ತಲೆ ಹಾಕಿ, "ಬೇರೆ ಯಾರಾದ್ರೂ ಇದ್ರೆ ಕರೆಸಬಾರದೇನಮ್ಮಾ?" ಎಂದರು. "ಇದ್ದಿದ್ರೆ ನಾನ್ಯಾಕ್ ಮೇಡಂ ಹತ್ತುತಿದ್ದೆ?" ಎಂದು ಮೇಲಿನಿಂದಲೇ ಉತ್ತರ ಬಂತು. ಸುಡುಸುಡು ಬಿಸಿಲಲ್ಲಿ ಕಂಬಿ ನಿಲ್ಲಿಸಿ, ತಾರಸಿಯ ಕಟ್ಟೆಯ ಹತ್ತಿರ ಪಟ್ಟಿಗೆ ಕ್ಲ್ಯಾಂಪು ಹಾಕಿ ಬೋಲ್ಟು ಬಿಗಿದು ಇಳಿದಳು.

ಮರುದಿನ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಗಂಡನನ್ನೂ ವ್ಯಾನಿನಲ್ಲಿ ಕರೆದುಕೊಂಡು ಬಂದಳು. "ಇವನ್ಯಾಕೆ ಅತ್ತಿಗೆ? ಟೈಲರಿಗೆ ನೋಡ್ಕೋ ಅಂದಿದ್ರೆ ಆಗ್ತಿತ್ತು" ಎಂದು ಮೈದುನ ಗೊಣಗಿದ. ಅವಳು ಕೇಳಿಸಿಕೊಳ್ಳದವಳಂತೆ ಗಾಲಿಕುರ್ಚಿಯನ್ನು ಗುಂಡಿಯ ಪಕ್ಕಕ್ಕೆ ತಳ್ಳಿದಳು. ಮೀಟರು ಹಚ್ಚಿ ನೋಡಿದಳು, ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತು. ಗೋಡೆಯಿಂದ ಇಳಿದ ಪಟ್ಟಿಗೆ ಗಂಡನ ಎಡ ಅಂಗೈಯನ್ನು ಒತ್ತಿ ಇಟ್ಟಳು. ಅವನ ಹಳೆಯ ಸ್ಪ್ಯಾನರನ್ನು ತೊಡೆಯ ಮೇಲಿಟ್ಟಳು. ಮೈದುನನಿಗೆ ಈಗ ವಿಷಯ ಹೊಳೆಯಿತು. ಅವನು ಕುರ್ಚಿಯ ಹತ್ತಿರಕ್ಕೆ ಬಂದ.

"ನೋಡಪ್ಪಾ," ಎಂದಳು, "ನೀನು ಅವರ ಕೈ ಮುಟ್ಟಬಾರದು. ಅವರಿಗೆ ಸನ್ನೆ ಮಾಡಬಾರದು. ಸುಮ್ನೆ ನಿಂತಿರು. ಉತ್ತರ ಬರಲಿಲ್ಲ ಅಂದ್ರೆ... ನೀನ್ ಹೇಳಿದ ಹಾಗೇ ಆಗಲಿ. ಜಾಗ ಹಿಡಿದಿಡೋಕೆ ಹೇಳು."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಆದರೆ ಮಾತು ಆಗಿಹೋಗಿತ್ತು. ಏಣಿ ಹತ್ತಿದಳು.

ಮೇಲೆ ಗಾಳಿ ತಣ್ಣಗಿತ್ತು. ಕಂಬಿಯ ಬುಡದಲ್ಲಿ ಮಂಡಿಯೂರಿ, ಒಂದು ಅಂಗೈಯನ್ನು ತಾಮ್ರದ ಮೇಲಿಟ್ಟು ಇನ್ನೊಂದು ಕೈಯ ಸ್ಪ್ಯಾನರಿನಿಂದ ಬಡಿದಳು. ಕಾದಳು. ಕೆಳಗಿನಿಂದ ಏನೂ ಬರಲಿಲ್ಲ. ಗಾಳಿಯ ಸದ್ದಿಗೆ ತಪ್ಪಿರಬಹುದೆಂದು ಇನ್ನೊಮ್ಮೆ ಜೋರಾಗಿ ಬಡಿದಳು. ತಾಮ್ರ ಸತ್ತಂತೆ ಬಿದ್ದಿತ್ತು. ಯಾವುದೋ ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಅವಳು ಕಟ್ಟೆಯಿಂದ ಬಗ್ಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಇಷ್ಟು ತಿಂಗಳು ತಾನು ಒಬ್ಬಳೇ ಮಾತಾಡಿಕೊಂಡು, ಒಬ್ಬಳೇ ಮುನಿಸಿಕೊಂಡು, ಒಬ್ಬಳೇ ರಾಜಿಯಾಗುತ್ತಿದ್ದುದೆಲ್ಲ ನೆನಪಾಯಿತು. ಮನುಷ್ಯ ಹೋಗಿಬಿಟ್ಟಿದ್ದಾನೆ, ತಾನು ಸಾಕುತ್ತಿರುವುದು ಅವನ ಮೈಯನ್ನು ಮಾತ್ರ. ಸರಿ, ಇಳಿಯೋಣ ಎಂದು ಇಕ್ಕಳ ಬೋಲ್ಟುಗಳನ್ನು ಚೀಲಕ್ಕೆ ತುಂಬತೊಡಗಿದಳು. ಒಂದು ಕೈ ಮಾತ್ರ ಇನ್ನೂ ತಾಮ್ರದ ಮೇಲೇ ಇತ್ತು, ಅದನ್ನು ತೆಗೆಯಲು ಮನಸ್ಸಾಗಿರಲಿಲ್ಲ.

ಟಣ್.

ಅಂಗೈಗೆ ತಗುಲಿತು. ಎದೆಯೊಳಗೆ ಏನೋ ಹಿಗ್ಗಿ ಬಂದು ಕಣ್ಣು ಮಂಜಾಯಿತು. ಒಂದು ಬಡಿತ, ಸರಿಯಿದೆ ಎಂದು. ಇದ್ದಾರೆ, ಒಳಗೇ ಇದ್ದಾರೆ! ಎದ್ದು ನಿಲ್ಲಲು ಹೋದವಳು ಅಲ್ಲೇ ಕೂತಳು. ಯಾಕೋ ಮನಸ್ಸಿನ ಮೂಲೆಯಲ್ಲಿ ಅನುಮಾನ ಹೆಡೆಯೆತ್ತಿತು. ತೊಡೆಯಿಂದ ಜಾರಿದ ಸ್ಪ್ಯಾನರು ಪಟ್ಟಿಗೆ ತಗುಲಿದ್ದರೂ ಹೀಗೇ ಕೇಳುತ್ತಿತ್ತಲ್ಲ?

ಆಗ ಬಂತು ಇನ್ನೊಂದು. ಬಹಳ ತಡವಾಗಿ, ಎಡಗೈಯವನ ಸೊಟ್ಟ ಬಡಿತ. ಟಣ್.

ಎರಡು! ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನನ್ನ ಕೆಲಸಕ್ಕೆ ಎರಡೇ? ಮುಖ ಕೆಂಪಗೆ ಮಾಡಿಕೊಂಡು ಪಟ್ಟಿಯ ಗುಂಟ ತಡಕುತ್ತ ಹೋದಳು. ಬೆಸುಗೆಗಳು ಕಲ್ಲಿನಂತಿದ್ದವು. ಕಟ್ಟೆಯ ಹತ್ತಿರದ ಕ್ಲ್ಯಾಂಪನ್ನು ಹಿಡಿದು ಅಲ್ಲಾಡಿಸಿದಾಗ ಅದು ಉಗುರಿನಷ್ಟು ಮಿಸುಕಿತು. ಅವಳು ನಿಂತಲ್ಲೇ ನಿಂತಳು. ನಿನ್ನೆ ನಡುಮಧ್ಯಾಹ್ನ, ಕಾದು ಹಿಗ್ಗಿದ್ದ ತಾಮ್ರದ ಮೇಲೆ ಬಿಗಿದಿದ್ದಳು. ರಾತ್ರಿಯ ತಂಪಿಗೆ ತಾಮ್ರ ಕುಗ್ಗಿ ಬೋಲ್ಟು ಸಡಿಲವಾಗಿತ್ತು. ಮೇಜಿನ ಮೇಲೆ ಕೆಲಸ ಮಾಡುವವರಿಗೆ ಇದು ಹೊಳೆಯುವುದಿಲ್ಲ. ಅವನು ಯಾವಾಗಲೂ ಬಿಸಿಲಲ್ಲೊಮ್ಮೆ ತಂಪಿನಲ್ಲೊಮ್ಮೆ ಹತ್ತಿ ಬಿಗಿಯುತ್ತಿದ್ದುದು ಏಕೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಮೇಲೆ ಗಾಳಿ ಕುಡಿಯಲು ಹೋಗುತ್ತಾರೆ ಎಂದು ಹಂಗಿಸಿದ್ದಳು.

ಮೀಟರಿಗೆ ಗೊತ್ತಾಗದ್ದು ಆ ಅಂಗೈಗೆ ಗೊತ್ತಾಗಿತ್ತು. ಸ್ಪ್ಯಾನರು ಜಾರಿದರೆ ಒಂದು ಸದ್ದಾದೀತು. ತಪ್ಪು ಹಿಡಿಯಲು ಮನುಷ್ಯನೇ ಇರಬೇಕು, ಅದೂ ಈ ಮನುಷ್ಯನೇ ಇರಬೇಕು.

ಕಣ್ಣೀರು ಧಾರೆಯಾಗಿ ಸುರಿಯುತ್ತಿದ್ದಂತೆಯೇ ಬೋಲ್ಟನ್ನು ಎರಡೂ ಕೈಯಿಂದ ಬಿಗಿದಳು. ಮತ್ತೆ ಕಂಬಿಯ ಬುಡಕ್ಕೆ ಬಂದು ಬಡಿದಳು. ಈ ಸಲ ಕಾಯುವುದು ಕಷ್ಟವಾಗಲಿಲ್ಲ. ನಿಧಾನವಾಗಿ ಒಂದು ಬಡಿತ ಬಂತು. ಅದರ ಹಿಂದೆ ಇನ್ನೊಂದು ಬರಲಿಲ್ಲ. ತಾರಸಿಯ ಮೇಲೆ ಕಾಲು ಚಾಚಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೆಳಗಿನ ಮಕ್ಕಳಿಗೆ ಕೇಳಿಸದಂತೆ ಅತ್ತಳು.

ಇಳಿದು ಬಂದಾಗ ಮೈದುನ ಗುಂಡಿಯ ಕಟ್ಟೆಯ ಮೇಲೆ ಕುಸಿದು ಕೂತಿದ್ದ. "ನಾನು ಮುಟ್ಟಲಿಲ್ಲ ಅತ್ತಿಗೆ. ದೇವರಾಣೆ, ನಾನು ಮುಟ್ಟಲಿಲ್ಲ" ಎಂದ. ಅವನ ಗಲ್ಲವೂ ಒದ್ದೆಯಾಗಿತ್ತು. "ಅಲ್ಲಿ ಜಾಗ ಬೇಡ ಅಂತ ಹೇಳಿಬಿಡ್ತೀನಿ."

ಗಾಲಿಕುರ್ಚಿಯಲ್ಲಿದ್ದವನು ಎಂದಿನಂತೆ ಎದುರಿನ ಗೋಡೆಯನ್ನೇ ನೋಡುತ್ತಿದ್ದ. ಸ್ಪ್ಯಾನರು ಮಾತ್ರ ಎಡಗೈಯಲ್ಲಿ ಬಿಗಿಯಾಗಿತ್ತು. ಬಿಡಿಸಿಕೊಳ್ಳಲು ಹೋದರೆ ಬಿಡಲಿಲ್ಲ. ಅವಳು ಅವನ ಮುಂದೆ ಮಂಡಿಯೂರಿ ಕೂತಳು.

"ಇಷ್ಟು ತಿಂಗಳು ನಾನು ಬಾಯಿ ಬಡ್ಕೊಂಡ್ರೂ ಒಂದು ಬೆರಳು ಎತ್ತಲಿಲ್ಲ," ಎಂದಳು. "ಈಗ ಕೈ ಎತ್ತಿದ್ದು ನನ್ನ ತಪ್ಪು ಹಿಡಿಯೋಕೇನ್ರೀ?"