ಮುಂದಿನ ಚಕ್ರದ ಕೆಳಗೆ

ನನ್ನ ಕೆಲಸದಲ್ಲಿ ಅರ್ಧ ಬಗ್ಗುವುದು, ಇನ್ನರ್ಧ ಸಹಿ ಹಾಕುವುದು. ಕತಾರಿನ ಉಮ್ಮ್ ಸಲಾಲ್‌ನ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಹ್ಯಾಂಗರಿನಲ್ಲಿ ಸಣ್ಣ ಖಾಸಗಿ ವಿಮಾನಗಳ ಮೆಕ್ಯಾನಿಕ್ ಆಗಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಈ ವಿಮಾನಗಳು ಆಕಾಶದಲ್ಲಿ ಕೆಡುವುದು ಕಡಿಮೆ, ಕೆಡುವುದೆಲ್ಲ ಇಳಿಯುವಾಗ. ಕಾದ ರನ್‌ವೇ ಮೇಲಿನ ಗಾಳಿ ವಿಮಾನವನ್ನು ಎತ್ತಿ ಹಿಡಿಯುತ್ತದೆ, ಹಾರಿಸುವವರಿಗೆ ಅವಸರ, ದೊಪ್ಪೆಂದು ಕೂರಿಸುತ್ತಾರೆ. ಅದು ಪುಟಿದೇಳುತ್ತದೆ. ಗಾಬರಿಯಲ್ಲಿ ಮೂಗು ತಗ್ಗಿಸಿದರೆ ಎರಡನೇ ಪೆಟ್ಟು ಮುಂದಿನ ಚಕ್ರಕ್ಕೆ. ಆಮೇಲೆ ಎಲ್ಲರದೂ ಒಂದೇ ಮಾತು, ಸ್ವಲ್ಪ ಗಟ್ಟಿ ಕೂತಿತು ಅಂತ. ಕೆಲವರು ಅದನ್ನೂ ಹೇಳುವುದಿಲ್ಲ.

ಹೇಳದವರಲ್ಲಿ ಮೈಸೂರಿನ ಡಾಕ್ಟರೊಬ್ಬರಿದ್ದರು. ದೋಹಾದಲ್ಲಿ ಮೂಳೆ ಡಾಕ್ಟರು, ನಮ್ಮ ಮನೆಯವರೆಲ್ಲ ಹೋಗುವುದು ಅವರ ಕ್ಲಿನಿಕ್ಕಿಗೇ. ನೋವು ಮುಚ್ಚಿಡಬೇಡಿ ಎಂದು ಬಂದವರಿಗೆಲ್ಲ ಗದರುವ ಮನುಷ್ಯ. ಐವತ್ತು ದಾಟಿದ ಮೇಲೆ ಹಾರಲು ಕಲಿತು, ನಾಲ್ಕು ಸೀಟಿನ ಹಳೆಯ ವಿಮಾನ ಕೊಂಡಿದ್ದರು. ಅವರ ಹೆಂಡತಿ ಅದರ ಹತ್ತಿರ ಸುಳಿದವರಲ್ಲ. ರಜೆಗೆ ಬಂದಿದ್ದ ಮಗಳು ಹೇಗೋ ತಾಯಿಯನ್ನು ಒಪ್ಪಿಸಿದಳು. ಶುಕ್ರವಾರ ಬೆಳಿಗ್ಗೆ ಮೂವರೂ ಹಾರುವುದೆಂದು ಆಯಿತು.

ಗುರುವಾರ ಮಧ್ಯಾಹ್ನ ನಾನು ಆ ವಿಮಾನ ನೋಡಿದೆ. ನಿಂತೇ ನೋಡಿದೆ. ಎರಡು ವರ್ಷದಿಂದ ಬಲ ಮೊಣಕಾಲು ಮಡಚಿದರೆ ಏಳುವುದು ಕಷ್ಟ, ಅದು ಹ್ಯಾಂಗರಿನಲ್ಲಿ ಯಾರಿಗೂ ಗೊತ್ತಿಲ್ಲ. ಅವತ್ತು ಅದಾಗಲೇ ಮೂರು ವಿಮಾನಗಳ ಕೆಳಗೆ ಬಗ್ಗಿ ಎದ್ದಿದ್ದೆ, ಸಾಕಾಗಿತ್ತು. ಮುಂದಿನ ಚಕ್ರದ ಬಳಿ ಉಗುರಿನಷ್ಟು ಬಿಳಿ ಪೇಂಟಿನ ಚೂರು ಬಿದ್ದಿತ್ತು. ಬೂಟಿನಿಂದ ಅದನ್ನು ಪಕ್ಕಕ್ಕೆ ತಳ್ಳಿ, ಹಾರಬಹುದೆಂದು ಲಾಗ್‌ಬುಕ್ಕಿಗೆ ಸಹಿ ಹಾಕಿ, ಡಾಕ್ಟರಿಗೆ ಮೆಸೇಜ್ ಕಳಿಸಿದೆ.

ಕೈ ತೊಳೆಯುವಾಗ ಆ ಚೂರು ನೆನಪಾಯಿತು. ಪೇಂಟು ಸುಮ್ಮನೆ ಉದುರುವುದಿಲ್ಲ, ಒಳಗಿನ ತಗಡು ಮಡಚಿದಾಗ ಉದುರುತ್ತದೆ. ಇಷ್ಟು ಗೊತ್ತಿರುವುದಕ್ಕೇ ನನಗೆ ಸಂಬಳ ಕೊಡುವುದು. ವಾಪಸ್ ಹೋಗಿ, ಬಟ್ಟೆಯೊಂದನ್ನು ಮಡಚಿ ಹಾಕಿ ಮೊಣಕಾಲೂರಿದೆ. ಮುಂದಿನ ಚಕ್ರವನ್ನು ಹಿಡಿದಿರುವ, ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಅಂಗೈ ಆಡಿಸಿದರೆ ಸುಕ್ಕು ಸಿಕ್ಕಿತು. ತಗಡನ್ನು ಬಿಗಿದಿಡುವ ಎರಡು ರಿವೆಟ್‌ಗಳ ತಲೆ ಎದ್ದಿತ್ತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಚಕ್ರ ಮುರಿದು, ಒಳಗಿನ ಮೂವರ ಸಮೇತ ವಿಮಾನ ಮುಗ್ಗರಿಸುತ್ತಿತ್ತು. ಅಲ್ಲೇ ಕೂತು ಫೋನ್ ಮಾಡಿದೆ.

"ಡಾಕ್ಟ್ರೇ, ಮೊನ್ನೆ ಇಳಿಯುವಾಗ ಎಂತ ಆಯ್ತು?"

"ಏನಿಲ್ವಲ್ಲ ಭಾಯ್. ಸ್ವಲ್ಪ ಗಟ್ಟಿ ಕೂತ್ಕೊಳ್ತು, ಅಷ್ಟೇ."

"ಮುಂದಿನ ಚಕ್ರದ ಮೇಲಿನ ತಗಡು ಸುಕ್ಕಾಗಿದೆ. ನಾಳೆ ಹಾರ್ಲಿಕ್ಕೆ ಆಗುದಿಲ್ಲ."

"ಸೈನ್ ಮಾಡಿದೀನಿ ಅಂತ ಈಗ ತಾನೇ ಮೆಸೇಜ್ ಹಾಕಿದ್ರಿ."

"ಹೌದು, ಅದು ನನ್ನ ತಪ್ಪು. ಆ ಸಹಿಗೆ ಗೆರೆ ಎಳೀತೇನೆ."

"ಮಗಳು ಶನಿವಾರ ಹೊರಟ್‌ಬಿಡ್ತಾಳೆ. ನನ್ನ ಹೆಂಡ್ತಿ ಇನ್ನೊಂದ್ಸಲ ಒಪ್ಪಲ್ಲ."

"ಗೊತ್ತುಂಟು ಡಾಕ್ಟ್ರೇ."

ಅವರು ಫೋನಿಟ್ಟರು. ನನಗೆ ಸಿಟ್ಟು ಬಂತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದುಕೊಂಡೆ. ಸಹಿಗೆ ಗೆರೆ ಎಳೆದು ಪಕ್ಕದಲ್ಲಿ ಬರೆದೆ: ಮೊದಲ ಸಲ ಕೆಳಗೆ ಬಗ್ಗಿ ನೋಡಿರಲಿಲ್ಲ, ಎರಡನೇ ಸಲ ಕಂಡದ್ದು.

ಎರಡು ತಿಂಗಳು ಅವರ ಮುಖ ಕಾಣಲಿಲ್ಲ. ಅಷ್ಟರಲ್ಲಿ ನನ್ನ ಮೊಣಕಾಲು ತೆಂಗಿನಕಾಯಿಯಷ್ಟು ಊದಿತು. ನಾನು ಬೇಡವೆಂದರೂ ಹೆಂಡತಿ ಅವರ ಕ್ಲಿನಿಕ್ಕಿಗೇ ಎಳೆದುಕೊಂಡು ಹೋದಳು. ವಿಮಾನದ ಮಾತನ್ನು ಡಾಕ್ಟರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಕಾಲು ಒತ್ತಿ ನೋಡಿದರು.

"ಎಷ್ಟು ದಿನದಿಂದ?"

"ಒಂದು ವಾರ ಆಯ್ತು."

ಎರಡು ವರ್ಷವೆಂದು ಡಾಕ್ಟರ ಕಾಗದಕ್ಕೆ ಬಂದರೆ ಅದು ಆಫೀಸಿಗೆ ಹೋಗುತ್ತದೆ. ಬಗ್ಗಲಾಗದ ಮೆಕ್ಯಾನಿಕ್‌ನನ್ನು ಇಟ್ಟುಕೊಂಡು ಅವರೇನು ಮಾಡಬೇಕು? ಖಲಾಸ್, ಊರಿಗೆ ಟಿಕೆಟ್. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಲಾಗ್‌ಬುಕ್ ಓದಿದೆ ಭಾಯ್. ಅವತ್ತು ಮೊದಲ ಸಲ ಬಗ್ಗಿ ನೋಡದೆ ಇದ್ದಿದ್ದು ಇದಕ್ಕೇನಾ?"

ಹೆಂಡತಿ ನನ್ನ ಮುಖ ನೋಡಿದಳು.

"ಎರಡು ವರ್ಷ ಆಯ್ತು ಡಾಕ್ಟ್ರೇ," ಅಂದೆ.

ಅವರು ಗದರಲಿಲ್ಲ. ಮೊಣಕಾಲೂರುವ ಕೆಲಸ ಮಾಡಬಾರದೆಂದು ಆಫೀಸಿಗೆ ಒಂದು ಕಾಗದ ಬರೆದು, ಸಹಿ ಹಾಕಿ ಕೊಟ್ಟರು. "ನಾನು ಅವತ್ತು ಹೇಳ್ಲಿಲ್ಲ. ನೀವಾದ್ರೂ ಇದನ್ನ ಕೊಡಿ," ಅಂದರು.

ಆ ಕಾಗದ ನಾಲ್ಕು ದಿನದಿಂದ ನನ್ನ ಶರ್ಟಿನ ಜೇಬಿನಲ್ಲೇ ಇದೆ. ನಿನ್ನೆ ಮೂರು ವಿಮಾನಗಳಿಗೆ ಸಹಿ ಹಾಕಿದೆ. ಎರಡರ ಕೆಳಗೆ ಬಗ್ಗಿ ನೋಡಿದ್ದೆ.