ಕಾಫಿ ಕಣದಲ್ಲಿ ಕಟ್ಟಿದ ನಗರದ ರಾತ್ರಿ

ಕಾಫಿ ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿ ನಾನು ಈವರೆಗೆ ಬರೆದಿರುವುದೆಲ್ಲ ವರದಿಗಳು. ಮಳೆ ಬಂತು, ಆನೆ ಬಂತು, ಗೊಬ್ಬರ ಬರಲಿಲ್ಲ ಎಂದು ಸಾಹುಕಾರರ ಗಮನಕ್ಕೆ ತರುವುದಷ್ಟೇ ನನಗೆ ತಿಳಿದಿರುವ ಬರವಣಿಗೆ. ಆದುದರಿಂದ ನನ್ನ ಮಗಳು ತಯಾರಿಸಿದ ಕಿರುಚಿತ್ರಕ್ಕೆ ಸಂಬಂಧಿಸಿದಂತೆ ಇಲ್ಲಿ ನಿವೇದಿಸಿಕೊಳ್ಳುವ ಸಂಗತಿಗಳಲ್ಲಿ ಕ್ರಮ ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕು.

ಮಗಳು ನಗರದ ಕಲಾ ಕಾಲೇಜೊಂದರಲ್ಲಿ ಕೊನೆಯ ವರ್ಷದಲ್ಲಿದ್ದಳು. ಆ ವರ್ಷ ಪ್ರತಿಯೊಬ್ಬರೂ ಒಂದು ಕಿರುಚಿತ್ರವನ್ನು ಸಲ್ಲಿಸತಕ್ಕದ್ದು; ತಪ್ಪಿದಲ್ಲಿ ಪದವಿ ಇಲ್ಲ, ಇನ್ನೊಂದು ವರ್ಷ ಅಲ್ಲಿಯೇ ಇರತಕ್ಕದ್ದು. ಅವಳು ಆರಿಸಿಕೊಂಡ ವಿಷಯ ನಗರದ ರಾತ್ರಿ. ಹಾನುಬಾಳಿನಿಂದ ಆಚೆ, ಕತ್ತಲಾದೊಡನೆ ಆನೆಯ ಭಯಕ್ಕೆ ಬಾಗಿಲು ಹಾಕಿಕೊಳ್ಳುವ ತೋಟದಲ್ಲಿ ಬೆಳೆದವಳಿಗೆ, ಬಣ್ಣದ ಬೆಳಕಿನಲ್ಲಿ ಸುಮ್ಮನೆ ಅಡ್ಡಾಡುವ ಜನರೇ ನಗರದ ದೊಡ್ಡ ಬೆರಗಾಗಿದ್ದರು. ಆದರೆ ಅವಳ ಹಾಸ್ಟೆಲಿನ ಗೇಟು ಕೂಡ ಕತ್ತಲಾಗುವ ಹೊತ್ತಿಗೇ ಮುಚ್ಚುತ್ತಿತ್ತು ಎಂಬುದು ನನಗೆ ತಡವಾಗಿ ತಿಳಿದ ವಿಚಾರ. ಆ ಬೆರಗನ್ನು ಅವಳು ಬಹುಪಾಲು ನೋಡಿದ್ದು ಮೇಲಿನ ಮಹಡಿಯ ಕಿಟಕಿಯಿಂದ. ವಿಶೇಷ ಅನುಮತಿ ಪಡೆದು ಗೆಳತಿಯರೊಂದಿಗೆ ಕ್ಯಾಮೆರಾ ಹಿಡಿದು ಹೊರಟ ಸಂಜೆ, ತಮ್ಮ ಬಾಗಿಲ ಮುಂದೆ ಚಿತ್ರ ತೆಗೆಯಬಾರದೆಂದು ಹೋಟೆಲೊಂದರವರು ಗದರಿಸಿದರು. ಬೀದಿಯಲ್ಲಿ ಕೆಲವು ಗಂಡಸರು ಹಿಂದೆ ಬಿದ್ದರು. ದೀಪಾವಳಿಗೆ ಊರಿಗೆ ಬಂದಾಗ ಅವಳ ಬಳಿ ಇದ್ದದ್ದು ಅಲುಗಾಡಿದ ಕೆಲವು ದೃಶ್ಯಗಳು ಮಾತ್ರ. ಹಬ್ಬದ ಊಟವನ್ನೂ ಅವಳು ಸರಿಯಾಗಿ ಮಾಡಲಿಲ್ಲ.

ಹಬ್ಬ ಮುಗಿದ ಮರುದಿನ ಸಂಜೆ ಅವಳು ನನ್ನನ್ನು ಹುಡುಕಿಕೊಂಡು ಕಣಕ್ಕೆ ಬಂದಳು. ಕೊಯ್ಲಿಗೆ ಮುನ್ನ ಕಾಫಿ ಒಣಗಿಸುವ ಸಿಮೆಂಟಿನ ಕಣವನ್ನು ಬಿರುಕು ಮುಚ್ಚಿಸಿ, ತೊಳೆಸುವುದು ನಮ್ಮಲ್ಲಿಯ ವಾಡಿಕೆ. ಹೆಣ್ಣಾಳುಗಳು ಪೈಪು ಹಿಡಿದು ತೊಳೆಯುತ್ತಿದ್ದರು. ಒದ್ದೆ ಸಿಮೆಂಟಿನ ಮೇಲೆ ಪಕ್ಕದ ಕಾಫಿ ಸ್ಟೋರಿನ ಬಲ್ಬಿನ ಬೆಳಕು ಉದ್ದಕ್ಕೆ ಬಿದ್ದಿತ್ತು.

“ಅಪ್ಪ, ಇದೇ ರಸ್ತೆ,” ಎಂದಳು.

“ಯಾವ ರಸ್ತೆ?”

“ಮಳೆ ನಿಂತ ಮೇಲೆ ಸಿಟಿ ರಸ್ತೆ ಹಿಂಗೇ ಹೊಳೀತೈತೆ. ನಂಗೊಂದು ಸಂಜೆ ಕೊಡ್ಸಪ್ಪ.”

ಸಾಹುಕಾರರಿಗೆ ಫೋನ್ ಮಾಡಿ ವಿನಂತಿಸಿಕೊಂಡೆ. ಒಂದೇ ಸಂಜೆಗೆ ಒಪ್ಪಿಗೆ ದೊರೆಯಿತು. ನಾಳಿದ್ದಿನಿಂದ ಕೊಯ್ಲು ಪ್ರಾರಂಭ. ಆಮೇಲೆ ಕಣದ ತುಂಬ ಕಾಫಿ, ಅವಳಿಗೆ ಕಾಲೇಜು.

ಮರುದಿನ ಸಂಜೆ ಕಣಕ್ಕೆ ಮತ್ತೆ ನೀರು ಹಾಯಿಸಿ, ಹಬ್ಬಕ್ಕೆ ಮನೆಗೆ ಹಾಕಿದ್ದ ಬಣ್ಣದ ಸೀರಿಯಲ್ ಲೈಟುಗಳನ್ನು ಸ್ಟೋರಿನ ಗೋಡೆಗೆ ಇಳಿಬಿಟ್ಟೆವು. ಜೀಪಿನ ದೀಪಗಳಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿದ್ದಾಯಿತು. ಜೀಪಿನ ಡ್ರೈವರ್ ಒಂದು ಸುತ್ತು ನೋಡಿ, “ಬೆಂಗ್ಳೂರಿಗಿಂತ ಚೆನ್ನಾಗೈತೆ ಮಾರಾಯ್ರೆ, ಟ್ರಾಫಿಕ್ಕೇ ಇಲ್ಲ!” ಎಂದು ತೀರ್ಪಿತ್ತನು. ಕೆಲಸ ಮುಗಿಸಿದ ಆಳುಗಳು ತಾವು ವಾಸವಿರುವ ಲೈನ್ ಮನೆಗಳಿಗೆ ಹೋಗಿ ಹಬ್ಬದ ಬಟ್ಟೆ ಉಟ್ಟು ಬಂದರು. ಅವರು ನಗರದ ಜನರಂತೆ ಕಣದಲ್ಲಿ ಅಡ್ಡಾಡಬೇಕಾಗಿತ್ತು. ಆಗಿನ್ನೂ ಮುಗಿಲಂಚಿನಲ್ಲಿ ಸ್ವಲ್ಪ ಬೆಳಕಿತ್ತು.

ಮಗಳು ಕೈ ಎತ್ತಿದಳು. ಅವರು ನಡೆದರು. ಒಬ್ಬರ ಹಿಂದೆ ಒಬ್ಬರು, ತಲೆ ತಗ್ಗಿಸಿ, ಮುಂದಿನವರು ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಾ, ಅಷ್ಟು ಅಗಲದ ಕಣದಲ್ಲಿ ಒಂದೇ ಸಾಲಾಗಿ ನಡೆದರು.

“ಸಾಲಾಗಿ ಬ್ಯಾಡ ಅಕ್ಕ! ಅತ್ಲಾಗೊಬ್ರು ಇತ್ಲಾಗೊಬ್ರು ಹೋಗಿ. ಮೇಲೆ ಲೈಟು ನೋಡಿ, ಅಂಗಡಿ ನೋಡಿ.”

ಎರಡನೆಯ ಸಲ ಚದುರಿ ಹೊರಟವರು ಕಣದ ಮಧ್ಯಭಾಗ ತಲುಪುವಷ್ಟರಲ್ಲಿ ತಮಗೆ ಅರಿವಿಲ್ಲದಂತೆಯೇ ಮತ್ತೆ ಒಬ್ಬರ ಹಿಂದೊಬ್ಬರಾಗಿದ್ದರು. ತೋಟದ ಕಾಲುದಾರಿಯಲ್ಲಿ ಇಬ್ಬರು ಜೊತೆಯಾಗಿ ನಡೆಯಲು ಸ್ಥಳವಿರುವುದಿಲ್ಲ. ಎರಡೂ ಕಡೆ ಕಾಫಿ ಗಿಡದ ರೆಕ್ಕೆಗಳು, ಎಂದರೆ ಅಡ್ಡಕೊಂಬೆಗಳು, ಚಾಚಿರುತ್ತವೆ, ನೆಲದಲ್ಲಿ ಏನಿದೆಯೆಂದು ನೋಡಿಯೇ ಕಾಲಿಡಬೇಕು. ಹುಟ್ಟಿದಾಗಿನಿಂದ ನಡೆದ ನಡಿಗೆ ಅದು. ನೆರವಾಗೋಣವೆಂದು ನಾನೂ ದನಿ ಎತ್ತಿ ಕೂಗಿದೆ. ಬೆಳಗಿನ ಹಾಜರಿಗೆ ಪ್ರತಿದಿನ ಕೇಳುವ ದನಿಯಾದ್ದರಿಂದ ಸಾಲು ಇನ್ನಷ್ಟು ನೆಟ್ಟಗಾಯಿತು.

ಮಗಳು ಕ್ಯಾಮೆರಾದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಕಣ್ಣು ತುಂಬಿತ್ತು. ಜೊತೆಯವರೆಲ್ಲ ಹೊರಟುಹೋದ ಮೇಲೆ ಹಾಸ್ಟೆಲಿನ ಅದೇ ಕಿಟಕಿಯ ಮುಂದೆ ಅವಳು ಇನ್ನೊಂದು ವರ್ಷ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಕಣದ ನೀರು ಆರುತ್ತಿತ್ತು.

ಆಳುಗಳಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು ಅವಳ ಬಳಿ ಬಂದು ಕೇಳಿದಳು: “ಅಲ್ಲ ಕಣವ್ವ, ಆ ಪ್ಯಾಟೆಯೋರು ಹೊತ್ತು ಮುಳುಗಿದ ಮ್ಯಾಲೆ ಎಲ್ಲಿಗೆ ಹೋಯ್ತಾರೆ?”

“ಎಲ್ಲಿಗೂ ಇಲ್ಲ ಅಜ್ಜಿ. ಸುಮ್ನೆ ನಡೀತಾರೆ.”

“ಸುಮ್ನೆ? ಕೂಲಿ ಇಲ್ದೆ?”

ಎಲ್ಲರೂ ನಕ್ಕರು. “ಕೂತ್ಕಳಕ್ಕೆ ಜಾಗ ಇಲ್ವೇನೋ, ಪಾಪ,” ಎಂದು ಹಿಂದಿನಿಂದ ಯಾರೋ ಮರುಗಿದರು.

ಮಗಳು ಮುಖ ಒರೆಸಿಕೊಂಡು ಎದ್ದಳು. “ಅಜ್ಜಿ, ನೀನೇ ಆಗಿದ್ರೆ? ಹಿಂಗೆ ಲೈಟು ಉರೀತೈತೆ, ಆನೆ ಬರಲ್ಲ, ಬೆಳಗ್ಗೆ ಕೆಲ್ಸ ಇಲ್ಲ. ಏನ್ ಮಾಡ್ತಿದ್ದೆ?”

“ನಾನಾ? ರಸ್ತೆ ನಡುಮಧ್ಯ ಕೂತ್ಕಂಬುಡ್ತೀನಿ. ಯಾವನ್ ಬಂದು ಏಳುಸ್ತಾನೋ ನೋಡೇಬುಡನ!”

ಹೇಳಿದವಳೇ ಗೋಣಿಚೀಲ ಎಳೆದುಕೊಂಡು ಕಣದ ನಡುವೆ ಕಾಲು ಚಾಚಿ ಕುಳಿತಳು. ಪಕ್ಕದಲ್ಲಿ ಇನ್ನೊಬ್ಬಳು ಕುಳಿತಳು. ಎಲೆ ಅಡಿಕೆ ಹೊರಬಂತು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಹಸಿರು ಬೆಳಕು ಹರಡಿದ ನೆಲದ ಮೇಲೆ ಎಲ್ಲರೂ ಗುಂಪುಗುಂಪಾಗಿ ಕುಳಿತು, ಕ್ಯಾಮೆರಾವನ್ನು ಮರೆತು ಮಾತಿಗಿಳಿದರು. ಡ್ರೈವರ್ ಅಂಗಾತ ಮಲಗಿ ಆಕಾಶ ನೋಡುತ್ತಿದ್ದನು. ಮಗಳು ಎಲ್ಲವನ್ನೂ ಚಿತ್ರೀಕರಿಸಿದಳು.

ನನಗೆ ತಡೆಯಲಾಗಲಿಲ್ಲ. ಮೆಲ್ಲನೆ ಕೇಳಿದೆ: “ಸಿಟಿ ಥರ ಕಾಣಲ್ವಲ್ಲಮ್ಮ, ಮೇಷ್ಟ್ರು ಒಪ್ತಾರಾ?”

“ಗೊತ್ತಿಲ್ಲ. ಸುಮ್ನಿರಪ್ಪ, ಮಾತು ರೆಕಾರ್ಡ್ ಆಗ್ತೈತೆ.”

ಅವಳು ಕಾಲೇಜಿಗೆ ಮರಳಿದಳು. ಫಲಿತಾಂಶದ ಫೋನ್ ಬಂದಾಗ ನಾನು ಕಣದಲ್ಲಿದ್ದೆ. ಹೆಣ್ಣಾಳುಗಳು ಒಣಗಿದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದರು.

“ಪಾಸಪ್ಪ!” ಎಂದಳು. “ಒಬ್ರು ಮೇಷ್ಟ್ರಿಗೆ ಹಿಡಿಸ್ಲಿಲ್ಲ, ಇದ್ಯಾವ ಸಿಟಿ ಅಂದ್ರು. ನಾನು ನೋಡ್ಬೇಕು ಅಂತಿದ್ದ ಸಿಟಿ ಅಂದೆ. ಇನ್ನೊಬ್ರು ಮೇಡಂ, ಮೂಲೇಲಿ ಒಬ್ರೇ ನಿಂತವ್ರಲ್ಲ, ಅವ್ರು ಪೊಲೀಸಾ ಅಂತ ಕೇಳಿದ್ರು.”

ಆ ಸಂಜೆ ಕಣದಲ್ಲಿ ಕೂರದೆ ಉಳಿದವನು ನಾನೊಬ್ಬನೇ. ಮೂಲೆಗೆ ಸರಿದು ಕೈ ಹಿಂದೆ ಕಟ್ಟಿಕೊಂಡು ನಿಂತದ್ದು ಚಿತ್ರದಲ್ಲಿ ಬಂದಿರುತ್ತದೆಂದು ಎಣಿಸಿರಲಿಲ್ಲ.

“ಏನ್ ಹೇಳ್ದೆ ಮತ್ತೆ?”

“ನಮ್ಮಪ್ಪ ಅಂದೆ. ಅವ್ರಿಗೆ ಕೂತ್ಕಳಿ ಅಂತ ಯಾರೂ ಹೇಳ್ಲಿಲ್ಲ, ಅದ್ಕೆ ನಿಂತವ್ರೆ ಅಂದೆ.”

ಅಷ್ಟರಲ್ಲಿ ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು, “ಏನಂತೆ ರೈಟ್ರೇ, ಒಪ್ಕಂಡ್ರಂತಾ?” ಎಂದಳು.

“ಪಾಸ್ ಮಾಡವ್ರೆ.”

“ನನ್ ಸೀರೆ ಅಂಚು ಕಾಣ್ತೈತಂತಾ?”

ಸದರಿ ವಿಚಾರವನ್ನು ಅಲ್ಲಿಯೇ ನಿಂತು ಮಗಳಲ್ಲಿ ವಿಚಾರಿಸಿ, ಚೆನ್ನಾಗಿ ಕಾಣುತ್ತದೆ ಎಂದು ಅಜ್ಜಿಗೆ ತಿಳಿಸಿದೆ.