ಕಾಜಾ ಅಕ್ಕನ ಜ್ವರವಲ್ಲದ ಜ್ವರ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿ, ಹೊಡೆಯುವ ಮೆಷಿನ್ನಿನ ಮುಂದೆ ಕೂತು ಕೂತೇ ಅವಳಿಗೆ ಕಾಜಾ ಅಕ್ಕ ಎಂಬ ಹೆಸರು ಬಿದ್ದಿತ್ತು. ವಯಸ್ಸು ಐವತ್ತರ ಆಸುಪಾಸು, ಮುಟ್ಟು ನಿಲ್ಲುವ ಕಾಲ. ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಏರಿ ಕಿವಿ, ಹಣೆ ಎಲ್ಲ ಕೆಂಡವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆವರಿ ತಣ್ಣಗಾಗುತ್ತಿತ್ತು.

ಸಾಂಕ್ರಾಮಿಕ ರೋಗ ಹಬ್ಬಿದ ವರ್ಷ ಗೇಟಿಗೆ ಜ್ವರ ನೋಡುವ ಯಂತ್ರ ಬಂತು. ಕಾವಲುಗಾರ ಅದನ್ನು ಒಬ್ಬೊಬ್ಬರ ಹಣೆಗೂ ಹಿಡಿಯುತ್ತಿದ್ದ. ಬಿಸಿಲಲ್ಲಿ ಸಾಲು ನಿಂತಿದ್ದ ಅಕ್ಕನಿಗೆ ಒಂದು ಬೆಳಗ್ಗೆ ಸರಿಯಾಗಿ ಅಲ್ಲೇ ಬಿಸಿ ಏರಿತು. ಯಂತ್ರ ಕೆಂಪಾಗಿ ಕೂಗಿತು.

“ಜ್ವರ ಇದೆ, ಆಚೆ ನಿಂತ್ಕೊಳಿ,” ಎಂದ ಕಾವಲುಗಾರ, ಇಡೀ ಸಾಲಿಗೆ ಕೇಳುವಂತೆ. ನಿನ್ನೆವರೆಗೆ ಪಕ್ಕದಲ್ಲಿ ಕೂತು ಹರಟಿದವರೇ ಮೂಗಿನ ಬಟ್ಟೆ ಮೇಲೆಳೆದುಕೊಂಡು ಹಿಂದೆ ಸರಿದರು. ಅಕ್ಕ ಮನೆಗೆ ಹೋದಳು. ಪರೀಕ್ಷೆ ಮಾಡಿಸಿದರೆ ರೋಗ ಇಲ್ಲವೆಂದು ಬಂತು. ಕೆಲಸಕ್ಕೆ ಮರಳಿದರೆ ಮತ್ತೆ ಅದೇ ಹಾಡು.

“ಏನಾಗ್ತಿದೆ ಅಂತ ಹೇಳ್ಬಿಡಕ್ಕ,” ಎಂದಳು ತಂಗಿ.

“ಯಾರ ಹತ್ರ ಹೇಳ್ಲಿ? ಗೇಟಲ್ಲಿ ಕತ್ತಿಗೆ ಸೀಟಿ ನೇತಾಕ್ಕೊಂಡಿರೋನ ಹತ್ರಾನಾ?”

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕೆಲಸ ಹೋಗುತ್ತದೆ.

ಮೂರನೇ ಸಲ ಯಂತ್ರ ಕೂಗಿದಾಗ ಅವಳು ಮನೆಯ ದಾರಿ ಹಿಡಿಯಲಿಲ್ಲ. ಕಾವಲುಗಾರನ ಸ್ಟೂಲು ಎಳೆದುಕೊಂಡು ಗೇಟಿನ ಪಕ್ಕವೇ ಕೂತಳು. “ಮ್ಯಾನೇಜರನ್ನ ಕರ್ಸಪ್ಪ. ಅವರು ಬರೋವರೆಗೂ ನಾನು ಏಳಲ್ಲ.”

ಮ್ಯಾನೇಜರ್ ಬಂದು ದೂರದಲ್ಲೇ ನಿಂತ. “ಏನಮ್ಮ, ನಿಯಮ ಅಂದ್ರೆ ನಿಯಮ ತಾನೇ?”

“ಯಾವ ನಿಯಮ ಸಾರ್? ನನಗೆ ಮುಟ್ಟು ನಿಲ್ತಾ ಇದೆ. ಮೈ ಬಿಸಿಯಾಗುತ್ತೆ, ಆರುತ್ತೆ. ನೆರಳಲ್ಲಿ ಕೂರ್ಸಿ ಇನ್ನೊಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತು. ಮರೆಯಲ್ಲಿ ಒಬ್ಬ ಹೆಂಗಸು ಕೇಳಿದ್ರೆ ನಾನೇ ಎಂದೋ ಹೇಳ್ತಿದ್ದೆ. ಅದನ್ನ ಮಾಡೋದು ನಿಮ್ಮ ಕೆಲಸ. ನೀವು ಮಾಡ್ಲಿಲ್ಲ ಅಂತ ನಾನು ಬೀದೀಲಿ ಕೂತು ಹೇಳ್ಬೇಕಾಯ್ತು.”

ಮ್ಯಾನೇಜರ್ ಕಾವಲುಗಾರನಿಗೆ ಕೈಸನ್ನೆ ಮಾಡಿದ. ಅವನು ಮತ್ತೊಮ್ಮೆ ಯಂತ್ರ ಹಿಡಿದ. ಹಸಿರು ಬಂತು.

ಮುಂದಿನ ವಾರ ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಪರದೆ ಕಟ್ಟಿದರು, ಬೆಂಚು ಹಾಕಿದರು, ಬೆಳಗಿನ ಹೊತ್ತಿಗೆ ಒಬ್ಬ ನರ್ಸಮ್ಮನನ್ನೂ ಕೂರಿಸಿದರು. ಅಷ್ಟರಲ್ಲಿ ಅಕ್ಕನ ಸಂಗತಿ ಇಸ್ತ್ರಿ ಮಾಡುವ ಗಂಡಸರ ಬಾಯಿಗೂ ಬಿದ್ದಾಗಿತ್ತು. “ಅಕ್ಕ ಬಂದ್ರು, ಫ್ಯಾನ್ ಹಾಕ್ರಪ್ಪ,” ಎನ್ನುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಹಾದುಹೋಗುತ್ತಿದ್ದಳು.

ಒಂದು ದಿನ ಮ್ಯಾನೇಜರ್ ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದ. “ಆ ಬೆಂಚಿನ ಮೇಲೆ ಸ್ವಲ್ಪ ಕೂತ್ಕೊಳಮ್ಮ. ಕಂಪನಿ ನಿಮ್ಮನ್ನೆಲ್ಲ ಎಷ್ಟು ಚೆನ್ನಾಗಿ ನೋಡ್ಕೊಳ್ಳುತ್ತೆ ಅಂತ ತೋರಿಸ್ಬೇಕು.”

“ಇವತ್ತು ನನಗೆ ಬಿಸಿ ಇಲ್ಲ ಸಾರ್,” ಎಂದಳು ಅಕ್ಕ. ಒಳಗೆ ಹೋಗಿ ಮೆಷಿನ್ನಿನ ಮುಂದೆ ಕೂತವಳು ಮಧ್ಯಾಹ್ನದವರೆಗೂ ಪೆಡಲನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತುತ್ತಿದ್ದಳು.